ಬೇಡ ಅನ್ನಿಸಿದ್ದಕ್ಕೆ ಆಪ್ಷನ್ ಇಲ್ಲ

ಭದ್ರಾವತಿ ಹತ್ತಿರದ ನಮ್ಮೂರಿಗೆ, ಅಮ್ಮನಿಗೆ ಅಂತ ಒಂದು ಮಿಕ್ಸಿ ಆರ್ಡರ್ ಮಾಡಿದ್ದೆ. ಬಂತು. ಅಮ್ಮ ಜಾರ್ ಎತ್ತಿ ನೋಡಿ, "ಇದು ಭಾರ ಆಯ್ತು ಕಣೋ, ಹಳೇದೇ ಸಾಕು" ಅಂದ್ಲು. ಮಿಕ್ಸಿಯಲ್ಲಿ ಏನೂ ದೋಷ ಇರಲಿಲ್ಲ. ವಾಪಸ್ ಕಳಿಸೋಣ ಅಂತ ಆಪ್ ತೆಗೆದೆ. ಕಾರಣ ಕೇಳ್ತು. ಒಡೆದಿದೆ, ಕೆಲಸ ಮಾಡ್ತಿಲ್ಲ, ಬೇರೆ ವಸ್ತು ಬಂದಿದೆ, ಬಿಡಿಭಾಗ ಇಲ್ಲ. "ಬೇಡ ಅನ್ನಿಸ್ತು" ಅನ್ನೋದು ಪಟ್ಟಿಯಲ್ಲೇ ಇರಲಿಲ್ಲ. "ಕೆಲಸ ಮಾಡ್ತಿಲ್ಲ" ಅಂತ ಒತ್ತಿದೆ.

ಪಿಕಪ್‌ಗೆ ಬಂದ ಹುಡುಗ ನಮ್ಮನೆ ಪ್ಲಗ್ಗಿಗೇ ಹಾಕಿ ನೋಡಿದ. ಮಿಕ್ಸಿ ಗರ್ರ್ ಅಂತು. "ಸರಿಯಾಗೇ ಇದೆಯಲ್ಲ ಅಣ್ಣ" ಅಂದ. ಅಮ್ಮ ನನ್ನ ಮುಖ ನೋಡಿದ್ಲು. ರಿಟರ್ನ್ ಕ್ಯಾನ್ಸಲ್ ಆಯ್ತು.

ಸುಳ್ಳು ಹೇಳಿದ್ದು ನಾನೇ, ಒಪ್ತೀನಿ. ಆದ್ರೆ ಇಂಥ ಸ್ಕ್ರೀನ್‌ಗಳನ್ನು ಬರೆದೇ ಅನ್ನ ತಿನ್ನೋನು ನಾನು. ಆ ಪಟ್ಟಿಯಲ್ಲಿ ಏನಿರಬೇಕು, ಏನಿರಬಾರದು ಅಂತ ಯಾರೋ ಕೂತು ತೀರ್ಮಾನ ಮಾಡಿರ್ತಾರೆ. ಕಾನೂನು ಕೇಳದೇ ಇರೋದನ್ನ ಅವರು ಯಾಕೆ ಹಾಕ್ತಾರೆ?

ನಮ್ಮಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಇದೆ, ಅದರಡಿ 2020ರ ಜುಲೈನಲ್ಲಿ ಬಂದ ಇ-ಕಾಮರ್ಸ್ ನಿಯಮಗಳಿವೆ. ವಸ್ತು ದೋಷದ್ದಾಗಿದ್ರೆ, ನಕಲಿಯಾಗಿದ್ರೆ, ಜಾಹೀರಾತಿನಲ್ಲಿ ಹೇಳಿದಂತೆ ಇರದಿದ್ರೆ, ಹೇಳಿದ ದಿನಕ್ಕಿಂತ ತಡವಾಗಿ ಬಂದ್ರೆ ಮಾರಾಟಗಾರ ವಾಪಸ್ ತಗೊಳ್ಳಲ್ಲ ಅನ್ನೋ ಹಾಗಿಲ್ಲ. ಒಳ್ಳೇ ನಿಯಮಗಳೇ. ಆದ್ರೆ ಮನಸ್ಸು ಬದಲಾದ್ರೆ? ಅಲ್ಲಿ ನಿಯಮ ಮೌನ. ಏಳು ದಿನ, ಹತ್ತು ದಿನ ಅಂತ ಆಪ್‌ಗಳಲ್ಲಿ ಕಾಣೋದು ಕಂಪನಿ ತಾನಾಗಿ ಕೊಡೋ ಸವಲತ್ತು, ನಮ್ಮ ಹಕ್ಕಲ್ಲ. ಇವತ್ತು ಇರುತ್ತೆ, ನಾಳೆ "ಬದಲಿ ಮಾತ್ರ" ಅಂತಾಗುತ್ತೆ.

"ಕೊಂಡ ಮೇಲೆ ಬೇಡ ಅಂದ್ರೆ ಹೆಂಗೆ ಸ್ವಾಮಿ?" ಅಂತ ಶಿವಮೊಗ್ಗ ಗಾಂಧಿ ಬಜಾರಿನ ಅಂಗಡಿಯವರು ಕೇಳಿದ್ರೆ ಅದರಲ್ಲಿ ನ್ಯಾಯ ಇದೆ. ಅಲ್ಲಿ ನಾವು ಸೀರೆಯ ಸೆರಗು ಬಿಚ್ಚಿಸಿ, ಬೆಳಕಿಗೆ ಹಿಡಿದು, ಚೌಕಾಸಿ ಮಾಡಿ ತಂದಿರ್ತೀವಿ. ಆನ್‌ಲೈನಲ್ಲಿ ಕೊಳ್ಳೋದು ಬರೀ ಫೋಟೋ. ಅಮ್ಮ ಆ ಜಾರನ್ನು ಅಂಗಡಿಯಲ್ಲೇ ಎತ್ತಿದ್ರೆ ಕೊಳ್ತಾನೇ ಇರಲಿಲ್ಲ. ಕೈಯಲ್ಲಿ ಹಿಡಿದು ನೋಡೋ ಆ ಅವಕಾಶ ಆನ್‌ಲೈನಲ್ಲಿ ಸಿಗೋದು ಡಬ್ಬ ಬಿಚ್ಚಿದ ಮೇಲೇ.

ಯುರೋಪಿನ 2011ರ ಗ್ರಾಹಕ ಹಕ್ಕುಗಳ ನಿರ್ದೇಶನ ಹಿಡಿದಿದ್ದು ಇದನ್ನೇ. ಆನ್‌ಲೈನಲ್ಲಿ ಕೊಂಡದ್ದನ್ನು 14 ದಿನದೊಳಗೆ ಕಾರಣ ಹೇಳದೇ ಬೇಡ ಅನ್ನಬಹುದು. ಮದುವೆಗೆ ಉಟ್ಟು ಸೀರೆ ವಾಪಸ್ ಕಳಿಸೋರ ಗತಿಯೇನು? ಪರೀಕ್ಷಿಸೋದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಬಳಸಿ ಬೆಲೆ ಇಳಿಸಿದ್ರೆ ಆ ನಷ್ಟ ಗ್ರಾಹಕನದ್ದೇ. ಸೀಲ್ ಒಡೆದ ಶುಚಿತ್ವದ ವಸ್ತು, ಬೇಗ ಕೆಡೋದು, ಅಳತೆ ಕೊಟ್ಟು ಮಾಡಿಸಿದ್ದು ಇದಕ್ಕೆ ಸೇರಲ್ಲ. ವಾಪಸ್ ಸಾಗಣೆ ಖರ್ಚನ್ನು ಸಾಮಾನ್ಯವಾಗಿ ಗ್ರಾಹಕನೇ ಕೊಡಬೇಕು. ನನ್ನ ಮಿಕ್ಸಿಗೂ ಸಾಗಣೆ ದುಡ್ಡು ಕೊಡೋಕೆ ನಾನು ತಯಾರಿದ್ದೆ. ಕೇಳೋರೇ ಇರಲಿಲ್ಲ.

ಈಗಿನ ವ್ಯವಸ್ಥೆ ಸಣ್ಣ ಮಾರಾಟಗಾರನನ್ನೂ ಉಳಿಸಲ್ಲ. ನನ್ನಂಥೋರು ಒತ್ತೋ ಸುಳ್ಳು "ದೋಷ" ಅವನ ಲೆಕ್ಕಕ್ಕೆ ಬೀಳುತ್ತೆ. ನಿಜವಾಗ್ಲೂ ಕೆಟ್ಟ ವಸ್ತು ಬಂದೋರ ಮೇಲೂ ಅನುಮಾನ ಬರುತ್ತೆ.

ಅಲ್ಲಿಯವರೆಗೆ ಇರೋ ಹಕ್ಕನ್ನಾದ್ರೂ ಬಳಸಿ. ಕೊಳ್ಳೋಕೆ ಮುಂಚೆ ರಿಟರ್ನ್ ನಿಯಮ ಓದಿ, ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಕೊಟ್ಟ ಮಾತಿಗೆ ತಪ್ಪಿದ್ರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೀರಿ. 48 ಗಂಟೆಯೊಳಗೆ ದೂರು ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗಲಿಲ್ಲ ಅಂದ್ರೆ ಸಹಾಯವಾಣಿ 1915. ಅದೂ ಆಗದಿದ್ರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ. ಕಂಪನಿ ಎಲ್ಲೇ ಇರಲಿ, ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು. ವಸ್ತುವಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ.

ಮಿಕ್ಸಿ ಈಗಲೂ ಅಟ್ಟದ ಮೇಲಿದೆ. ಆ ಪಟ್ಟಿಗೆ "ಬೇಡ ಅನ್ನಿಸ್ತು" ಅಂತ ಒಂದು ಸಾಲು ಸೇರಿಸೋದು ನನ್ನಂಥ ಎಂಜಿನಿಯರಿಗೆ ಅರ್ಧ ದಿನದ ಕೆಲಸ. ಸೇರಿಸಲೇಬೇಕು ಅಂತ ಒಂದು ಸಾಲು ಬರೆಯಬೇಕಾದೋರು ದೆಹಲಿಯಲ್ಲಿದ್ದಾರೆ.