ಕಾಯಕತತ್ತ್ವವೂ ಬಂಡವಾಳದ ನೀತಿಯೂ

ಬಂಡವಾಳದ ವ್ಯವಸ್ಥೆ ಧರ್ಮಬೋಧೆಯೊಡನೆ ಹೊಂದಿಕೊಳ್ಳಬಲ್ಲುದೇ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಅರ್ಥಶಾಸ್ತ್ರಜ್ಞರು ಎತ್ತುತ್ತಾರೆ. ಧರ್ಮಜ್ಞರು ಅದಕ್ಕೆ ಉತ್ತರ ಹೇಳುತ್ತಾರೆ. ಸಾಹಿತ್ಯವನ್ನು ಓದುವವರಿಗೆ ಅದರಲ್ಲಿ ಪಾಲಿಲ್ಲವೆಂದೇ ಬಹುಮಂದಿಯ ಎಣಿಕೆ. ಕನ್ನಡದಲ್ಲಿ ಮಾತ್ರ ಈ ಪ್ರಶ್ನೆ ಸಾಹಿತ್ಯವಿಮರ್ಶೆಯ ಅಂಗಳಕ್ಕೇ ಬಂದು ನಿಂತಿದೆ. ವಚನಗಳ ಕಾಯಕತತ್ತ್ವವನ್ನು ಪಾಶ್ಚಾತ್ಯರ ಪ್ರೊಟೆಸ್ಟೆಂಟ್ ನೀತಿಗೆ ಸರಿಹೋಲಿಸಿ, ಆಧುನಿಕ ಉದ್ಯಮಜೀವನಕ್ಕೆ ಬೇಕಾದ ಧಾರ್ಮಿಕ ತಳಹದಿ ನಮ್ಮಲ್ಲಿ ೧೨ನೆಯ ಶತಮಾನದಲ್ಲಿಯೇ ಸಿದ್ಧವಾಗಿದ್ದಿತೆಂದು ಹೇಳುವ ವಾಡಿಕೆ ಬೆಳೆದಿದೆ. ಉಪನ್ಯಾಸಗಳಲ್ಲಿ, ಪಠ್ಯಗಳ ಮುನ್ನುಡಿಗಳಲ್ಲಿ, ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಈ ಮಾತನ್ನು ನಾವು ಮತ್ತೆ ಮತ್ತೆ ಕಾಣುತ್ತೇವೆ. ಇದು ಎಷ್ಟರಮಟ್ಟಿಗೆ ವಚನಗಳ ಪಾಠಕ್ಕೆ ಒಪ್ಪುತ್ತದೆಯೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಹೋಲಿಕೆಯ ಮೂಲ ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್. ೧೯೦೪-೦೫ರಲ್ಲಿ ಅವನು ಪ್ರಕಟಿಸಿದ ಪ್ರೊಟೆಸ್ಟೆಂಟ್ ನೀತಿಯನ್ನು ಕುರಿತ ಪ್ರಬಂಧವು ೧೯೩೦ರಲ್ಲಿ ಟಾಲ್ಕಟ್ ಪಾರ್ಸನ್ಸ್ ಮಾಡಿದ ಭಾಷಾಂತರದ ಮೂಲಕ ಇಂಗ್ಲಿಷ್ ಬಲ್ಲವರಿಗೆ ಪರಿಚಿತವಾಯಿತು. ವೆಬರನು ಬಂಡವಾಳವೆಂದರೆ ದುರಾಸೆಯೆಂದು ಎಲ್ಲಿಯೂ ಹೇಳಿಲ್ಲ. ಆಸೆ ಎಲ್ಲ ಕಾಲದಲ್ಲಿಯೂ ಎಲ್ಲ ದೇಶದಲ್ಲಿಯೂ ಇದ್ದುದೇ. ಆದರೆ ಗಳಿಸುವುದನ್ನೇ ಒಂದು ಕರ್ತವ್ಯವೆಂದು ಬಗೆದು, ಗಳಿಸಿದುದನ್ನು ಅನುಭವಿಸದೆ ಮತ್ತೆ ಉದ್ಯಮದಲ್ಲಿ ತೊಡಗಿಸಿ, ದಿನದಿನದ ಲೆಕ್ಕವಿಟ್ಟು ಬಾಳುವ ಮನೋಧರ್ಮ ಹೊಸತು. ಇದು ಲೂಥರನು ಲೌಕಿಕ ವೃತ್ತಿಗೆ ದೈವದ ಕರೆಯೆಂಬ ಅರ್ಥವನ್ನು ಕೊಟ್ಟದ್ದರಿಂದಲೂ, ಕಾಲ್ವಿನನ ಅನುಯಾಯಿಗಳು ತಾವು ದೇವರಿಂದ ಆಯ್ಕೆಯಾದವರೋ ಅಲ್ಲವೋ ಎಂಬ ತಳಮಳಕ್ಕೆ ವೃತ್ತಿಯ ಶಿಸ್ತಿನಲ್ಲಿ ಸಮಾಧಾನವನ್ನು ಅರಸಿದ್ದರಿಂದಲೂ ಹುಟ್ಟಿತೆಂಬುದು ಅವನ ವಾದದ ಸಾರ. ಹಿಂದೂ ಮತ್ತು ಬೌದ್ಧ ಧರ್ಮಗಳನ್ನು ಕುರಿತು ೧೯೧೬-೧೭ರಲ್ಲಿ ಪ್ರಕಟವಾದ ಬರಹದಲ್ಲಿ, ಲೋಕದಲ್ಲಿದ್ದುಕೊಂಡೇ ನಡೆಸುವ ಇಂಥ ಶಿಸ್ತಿನ ತಪಸ್ಸು ಭಾರತದಲ್ಲಿ ಬೆಳೆಯಲಿಲ್ಲವೆಂದು ಅವನು ತೀರ್ಮಾನಿಸಿದನು.

ಈ ತೀರ್ಮಾನ ನಮ್ಮವರನ್ನು ಕೆರಳಿಸಿತು, ಕೆರಳಿಸಬೇಕಾದದ್ದೇ. ೧೯೨೩ರಿಂದ ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೂಲಕ ವಚನಗಳು ವಿಷಯಾನುಕ್ರಮವಾಗಿ ವಾಚಕರ ಕೈಗೆ ಬಂದಮೇಲೆ, ಕೆಲಸವನ್ನು ಪೂಜೆಯ ಮಟ್ಟಕ್ಕೇರಿಸಿದ ಮಾತುಗಳು ಅವುಗಳಲ್ಲಿ ಹೇರಳವಾಗಿ ದೊರೆತುವು. ೧೯೭೩ರಲ್ಲಿ ಎ. ಕೆ. ರಾಮಾನುಜನ್ ಅವರು ತಮ್ಮ ವಚನಾನುವಾದದ ಪೀಠಿಕೆಯಲ್ಲಿ ಭಕ್ತಿಪಂಥಕ್ಕೂ ಪ್ರೊಟೆಸ್ಟೆಂಟ್ ಚಳವಳಿಗಳಿಗೂ ಇರುವ ಸಾದೃಶ್ಯವನ್ನು ಸೂಚಿಸಿದರು. ಮಧ್ಯವರ್ತಿ ಪುರೋಹಿತನನ್ನು ನಿರಾಕರಿಸುವುದು, ಜನರಾಡುವ ನುಡಿಯನ್ನು ಹಿಡಿಯುವುದು, ಹುಟ್ಟಿನ ಹಿರಿಮೆಯನ್ನು ಅಲ್ಲಗಳೆಯುವುದು ಇವುಗಳಲ್ಲಿ ಹೋಲಿಕೆ ಸಹಜವಾದದ್ದು. ಆದರೆ ಅದನ್ನು ಆರ್ಥಿಕ ನೀತಿಯವರೆಗೂ ಎಳೆಯುವವರು ಒಂದು ಸಂಗತಿಯನ್ನು ಗಮನಿಸಿದಂತೆ ತೋರುವುದಿಲ್ಲ. ವೆಬರನ ಆಕ್ಷೇಪಕ್ಕೆ ಉತ್ತರ ಕೊಡುವ ಆತುರದಲ್ಲಿ ಅವನ ಅಳತೆಗೋಲನ್ನೇ ಅವರು ಒಪ್ಪಿಕೊಂಡುಬಿಟ್ಟಿದ್ದಾರೆ. ಬಂಡವಾಳವನ್ನು ಹುಟ್ಟಿಸದ ಧರ್ಮ ಊನವಾದದ್ದೆಂಬುದು ಅಲ್ಲಿನ ಗೃಹೀತ. ಹಾಗೆಂದು ಬಸವಾದಿ ಶರಣರು ಎಲ್ಲಿಯೂ ಒಪ್ಪಿಲ್ಲ.

ಎರಡು ನಿದರ್ಶನಗಳನ್ನು ಎದುರುಬದುರಾಗಿ ಇಟ್ಟು ನೋಡೋಣ. ೧೭ನೆಯ ಶತಮಾನದ ಇಂಗ್ಲೆಂಡಿನ ಪ್ಯೂರಿಟನ್ ಬೋಧಕ ರಿಚರ್ಡ್ ಬ್ಯಾಕ್ಸ್‌ಟರನಿಂದ ವೆಬರನು ಒಂದು ಉಪದೇಶವನ್ನು ಎತ್ತಿಕೊಳ್ಳುತ್ತಾನೆ. ನಿನ್ನ ಆತ್ಮಕ್ಕೂ ಪರರಿಗೂ ಕೇಡಾಗದಂತೆ ಹೆಚ್ಚು ಲಾಭ ಪಡೆಯುವ ನ್ಯಾಯವಾದ ಹಾದಿಯನ್ನು ದೇವರು ತೋರಿಸಿರುವಾಗ, ಅದನ್ನು ಬಿಟ್ಟು ಕಡಿಮೆ ಲಾಭದ ಹಾದಿಯನ್ನು ಹಿಡಿದರೆ ನೀನು ದೇವರ ಕರೆಯನ್ನೇ ಮೀರಿದಂತೆ ಎಂಬುದು ಅದರ ತಾತ್ಪರ್ಯ. ಇಲ್ಲಿ ಹೆಚ್ಚನ್ನು ಬಿಡುವುದೇ ತಪ್ಪು.

ಇನ್ನು ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಪ್ರಸಂಗ. ಮಾರಯ್ಯನು ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವನು. ಒಂದು ದಿನ ಅವನು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ ಲಕ್ಕಮ್ಮನು ಗಂಡನನ್ನು ತಡೆದು, ಈ ಆಸೆ ನಿಮಗೆಲ್ಲಿಯದು, ತಂದಲ್ಲಿಯೇ ಸುರಿದು ಬನ್ನಿರೆಂದು ಕಳುಹುತ್ತಾಳೆ. ಆ ಅಕ್ಕಿ ಕದ್ದದ್ದಲ್ಲ, ಯಾರನ್ನೂ ವಂಚಿಸಿ ತಂದದ್ದೂ ಅಲ್ಲ. ಮೇಲಾಗಿ ತಮ್ಮ ಹೊಟ್ಟೆಗಾಗಿ ಮಾತ್ರವಲ್ಲದೆ ಜಂಗಮದಾಸೋಹಕ್ಕಾಗಿ ತಂದದ್ದು. ಬ್ಯಾಕ್ಸ್‌ಟರನು ವಿಧಿಸಿದ ನಿಬಂಧನೆಗಳೆಲ್ಲ ಇಲ್ಲಿ ಪೂರೈಸಿವೆ. ಆದರೂ ಲಕ್ಕಮ್ಮ ಒಪ್ಪುವುದಿಲ್ಲ. ಅವಳ ದೃಷ್ಟಿಯಲ್ಲಿ ಹೆಚ್ಚನ್ನು ತರುವುದೇ ತಪ್ಪು. ಒಂದೇ ಬಗೆಯ ಸನ್ನಿವೇಶದಲ್ಲಿ ಎರಡು ಧರ್ಮಗಳು ಇಷ್ಟು ನೇರವಾಗಿ ಬೇರೆಬೇರೆಯ ತೀರ್ಪನ್ನು ಕೊಡುವಾಗ ಅವೆರಡೂ ಒಂದೇ ನೀತಿಯ ರೂಪಗಳೆಂದು ಹೇಳುವುದು ಹೇಗೆ?

ಲಕ್ಕಮ್ಮನ ಮಾತು ಒಂಟಿಯಾದುದಲ್ಲ. ಹೊನ್ನಿನಲ್ಲಾಗಲಿ ಬಟ್ಟೆಯಲ್ಲಾಗಲಿ ಅನ್ನದಲ್ಲಾಗಲಿ ಎಳ್ಳಷ್ಟನ್ನೂ ನಾಳೆಗೆಂದು ಎತ್ತಿಡಲಾರೆನೆಂದು ಬಸವಣ್ಣನವರು ಆಣೆಯಿಟ್ಟು ಹೇಳಿದ್ದಾರೆ. ದಾರಿಯಲ್ಲಿ ಬಿದ್ದ ಹೊನ್ನನ್ನೂ ವಸ್ತ್ರವನ್ನೂ ಕೈಯಿಂದ ಮುಟ್ಟೆನೆಂಬ ಸತ್ಯಕ್ಕನ ಪ್ರತಿಜ್ಞೆ ಇದೆ. ಬಂಡವಾಳವೆಂಬುದು ಏನು? ಇಂದಿನ ಗಳಿಕೆಯಲ್ಲಿ ನಾಳೆಗೆಂದು, ನಾಳೆಯದರಲ್ಲಿ ನಾಡಿದ್ದಿಗೆಂದು ಉಳಿಸಿ ತೊಡಗಿಸುತ್ತ ಹೋಗುವುದು. ಆ ನಾಳೆಯನ್ನೇ ಶರಣರು ಮನೆಯಿಂದ ಹೊರಗಿಟ್ಟಿದ್ದಾರೆ. ದುಡಿಮೆಯ ಹೊಗಳಿಕೆಯಲ್ಲಿ ಅವರು ಪ್ಯೂರಿಟನ್ನರಿಗೆ ಸಮೀಪದವರು; ಮಿಗುವಾಯಿಯ ವಿಷಯದಲ್ಲಿ ಬಹುದೂರದವರು. ಬಂಡವಾಳ ಹುಟ್ಟುವುದು ದುಡಿಮೆಯಿಂದಲ್ಲ, ಮಿಗುವಾಯಿಯಿಂದ ಎಂಬುದನ್ನು ಮರೆತಾಗಲೇ ಮೇಲಿನ ಹೋಲಿಕೆ ಸಾಧ್ಯವಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಮಾರಯ್ಯ ಆಯುವವನು, ಬೆಳೆಯುವವನೂ ಅಲ್ಲ, ನೇಯುವವನೂ ಅಲ್ಲ. ಚೆಲ್ಲಿದ ಕಾಳನ್ನು ಹೆಚ್ಚು ಆಯ್ದರೆ ಇನ್ನೊಬ್ಬ ಬಡವನ ಪಾಲು ಕಡಿಮೆಯಾಗಬಹುದು. ಹೊಸದಾಗಿ ಸರಕನ್ನು ಉತ್ಪಾದಿಸುವವನಿಗೆ ಆ ನಿಯಮವೇಕೆ? ಆಕ್ಷೇಪದಲ್ಲಿ ಹುರುಳುಂಟು. ಆದುದರಿಂದ ಉತ್ಪಾದಕನೊಬ್ಬನನ್ನೇ ನೋಡಬೇಕು. ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವವನು. ಶೂನ್ಯಸಂಪಾದನೆಯಲ್ಲಿ ಬರುವಂತೆ, ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗ ಜಾರಿ ಬೀಳುತ್ತದೆ. ಅವನು ಅದನ್ನು ಎತ್ತಿಕೊಳ್ಳದೆ ಕಾಯಕಕ್ಕೆ ನಡೆಯುತ್ತಾನೆ. ಲಿಂಗವೇ ಅವನ ಬೆನ್ನು ಹತ್ತುತ್ತದೆ. ಇದನ್ನು ದುಡಿಮೆಯ ಮಹಿಮೆಯ ಕಥೆಯೆಂದು ಮಾತ್ರ ಓದುವುದು ರೂಢಿ. ಆದರೆ ಚಂದಯ್ಯ ಲಿಂಗಕ್ಕಿಂತ ಹೆಚ್ಚೆಂದು ಎಣಿಸಿದುದು ಹಗ್ಗದ ಲಾಭವನ್ನಲ್ಲ, ಜಂಗಮಸೇವೆಯನ್ನು. ಹಗ್ಗ ಎಷ್ಟು ಮಾರಾಟವಾಯಿತೆಂಬುದು ಕಥೆಗೆ ಬೇಡವಾದ ವಿಷಯ. ಅದರ ದುಡ್ಡು ಎಲ್ಲಿಗೆ ಹೋಯಿತೆಂಬುದೇ ಮುಖ್ಯ. ಕಾಯಕ ಶುದ್ಧವಾಗಿರಬೇಕು, ಅದರ ಫಲ ಸಲ್ಲಬೇಕಾದಲ್ಲಿಗೆ ಆ ದಿನವೇ ಸಲ್ಲಬೇಕು. ಉತ್ಪಾದಕನಿಗೂ ನಿಯಮ ಬದಲಾಗಲಿಲ್ಲ.

ಪುರಂದರದಾಸರ ಐತಿಹ್ಯವೂ ಇದೇ ದಿಕ್ಕನ್ನು ತೋರುತ್ತದೆ. ನವಕೋಟಿ ನಾರಾಯಣನೆನಿಸಿದ್ದ ಸಾಹುಕಾರ ಸಿರಿಯನ್ನೆಲ್ಲ ಬಿಟ್ಟು ಹೊರಬಿದ್ದ ಮೇಲೆ ಮಾತ್ರ ದಾಸನಾಗುತ್ತಾನೆ. ಸಾಹುಕಾರನಾಗಿದ್ದುಕೊಂಡೇ ಅವನು ಮೋಕ್ಷಕ್ಕೆ ಯೋಗ್ಯನೆಂದು ಹೇಳುವ ಕಥೆಯನ್ನು ನಮ್ಮ ಜನ ಕಟ್ಟಲಿಲ್ಲ.

ಹಾಗಾದರೆ ನಮ್ಮ ನಾಡಿನ ಧರ್ಮ ಸಂಪತ್ತಿಗೆ ವೈರಿಯೇ? ಹಾಗೆಂದರೆ ಚರಿತ್ರೆ ನಮ್ಮನ್ನು ನೋಡಿ ನಗುತ್ತದೆ. ಅಯ್ಯಾವೊಳೆಯ ಐನೂರ್ವರ ಸಂಘ ದಕ್ಷಿಣ ಭಾರತದುದ್ದಕ್ಕೂ ವ್ಯಾಪಾರ ನಡೆಸಿ, ತನ್ನದೇ ಆದ ಬಣಂಜುಧರ್ಮವನ್ನು ಶಾಸನಗಳಲ್ಲಿ ಸಾರಿಕೊಂಡಿತು. ದೇವಾಲಯಗಳಿಗೆ ದತ್ತಿ ಬಿಟ್ಟಿತು. ಬಡ್ಡಿಯನ್ನು ಮಧ್ಯಯುಗದ ಕ್ರೈಸ್ತಸಭೆ ನಿಷೇಧಿಸಿದಂತೆ ನಮ್ಮ ಧರ್ಮಶಾಸ್ತ್ರಕಾರರು ಸಾರಾಸಗಟಾಗಿ ನಿಷೇಧಿಸಲಿಲ್ಲ. ಮನುಸ್ಮೃತಿ ತಿಂಗಳಿಗೆ ನೂರಕ್ಕೆ ೨, ೩, ೪, ೫ರಂತೆ ವರ್ಣಾನುಕ್ರಮದಲ್ಲಿ ಬಡ್ಡಿಯ ದರವನ್ನು ಗೊತ್ತುಮಾಡಿತು. (ಬಡವನಾಗಿರುವ ಸಂಭವ ಹೆಚ್ಚಿದ್ದವನಿಗೇ ಬಡ್ಡಿ ಹೆಚ್ಚು ಎಂಬುದನ್ನು ಟೀಕೆಯಿಲ್ಲದೆ ಬಿಡುತ್ತೇವೆ.) ಈ ಹೊಂದಾಣಿಕೆಯ ಕೀಲಿ ದಾನ. ಗಳಿಕೆಯ ರೀತಿಯನ್ನು ಕೆದಕದೆ, ಗಳಿಸಿದುದರಲ್ಲಿ ಒಂದು ಪಾಲನ್ನು ಪಾತ್ರರಿಗೆ ಕೊಟ್ಟರೆ ಉಳಿದುದು ಪವಿತ್ರವಾಗುತ್ತದೆ. ದಾನಧರ್ಮವಿರುವಲ್ಲಿ ಸಂಪತ್ತಿಗೂ ಮತಕ್ಕೂ ಸಾಮಾನ್ಯವಾಗಿ ಜಗಳವಾಗುವುದಿಲ್ಲ.

ಶರಣರು ಒಡೆದುದು ಈ ಕೀಲಿಯನ್ನೇ ಎಂಬುದು ನಮ್ಮ ಅಭಿಪ್ರಾಯ. ದಾಸೋಹವೆಂಬ ಪದದ ಮೂಲದಲ್ಲಿರುವುದು 'ನಾನು ದಾಸ' ಎಂಬ ಅರ್ಥ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ಕೆಳಗೆ. ಅವನು ಕೊಡುತ್ತಿರುವುದು ತನ್ನದನ್ನಲ್ಲ, ಅವರದನ್ನೇ ಅವರಿಗೆ ಒಪ್ಪಿಸುತ್ತಿದ್ದಾನೆ. ದಾನಕ್ಕೆ ಒಡೆತನ ಬೇಕು. ದಾಸೋಹ ಒಡೆತನವನ್ನೇ ಸಂದೇಹಿಸುತ್ತದೆ. ಬಂಡವಾಳ ದಾನದೊಡನೆ ಸುಖವಾಗಿ ಬಾಳಬಲ್ಲುದು, ದಾಸೋಹದೊಡನೆ ಬಾಳಲಾರದು. ಈ ಎರಡು ಪದಗಳನ್ನು ಪರ್ಯಾಯವಾಗಿ ಬಳಸುವ ವಿಮರ್ಶಕರು ವಚನಧರ್ಮದ ನಡುಗಂಬವನ್ನೇ ಕಿತ್ತಂತಾಗುತ್ತದೆ.

ಇಷ್ಟು ಹೇಳಿದಮೇಲೆ ಇನ್ನೊಂದು ಕಡೆಯ ಮಾತನ್ನೂ ಹೇಳದಿದ್ದರೆ ಪಕ್ಷಪಾತವಾದೀತು. ಮಹಾಮನೆಯಲ್ಲಿ ಮಾರಯ್ಯ ಆಯಬಹುದಾದಷ್ಟು ಅಕ್ಕಿ ಚೆಲ್ಲುತ್ತಿತ್ತೆಂದರೆ, ಆ ಅಕ್ಕಿ ಎಲ್ಲಿಂದ ಬರುತ್ತಿತ್ತು? ಬಸವಣ್ಣನವರು ಬಿಜ್ಜಳನ ಭಂಡಾರಿ. ಭಂಡಾರದ ಹೊನ್ನು ಜಂಗಮರಿಗೆ ವ್ಯಯವಾಗುತ್ತಿದೆಯೆಂದು ದೂರು ಹೋಗಿ, ಎಣಿಸಿ ನೋಡಲು ಲೆಕ್ಕ ಸರಿಯಾಗಿದ್ದಿತೆಂಬ ಕಥೆ ಪುರಾಣಗಳಲ್ಲಿದೆ. ೧೩೬೯ರ ಭೀಮಕವಿಯ ಬಸವಪುರಾಣದ ವಾಚಕರಿಗೆ ಅದು ಪರಿಚಿತ. ಪವಾಡವನ್ನು ಪಕ್ಕಕ್ಕಿಟ್ಟರೂ ಉಳಿಯುವ ಸಂಗತಿಯೆಂದರೆ, ಕಲ್ಯಾಣದ ದಾಸೋಹ ಒಂದು ದೊಡ್ಡ ರಾಜಧಾನಿಯ ಸುಂಕ ತೆರಿಗೆ ವ್ಯಾಪಾರಗಳ ನೆರಳಿನಲ್ಲಿ ನಡೆದುದು. ಆ ನೆರಳನ್ನು ವಚನಗಳು ಬಹಳವಾಗಿ ವಿಚಾರಿಸುವುದಿಲ್ಲ. ಅಲ್ಲದೆ ಶರಣರ ಲೋಕದಲ್ಲಿ ಹೆಚ್ಚಿನವರು ತಮ್ಮ ಉಪಕರಣಕ್ಕೆ ತಾವೇ ಒಡೆಯರು. ಚಂದಯ್ಯನ ಕುಡುಗೋಲು ಚಂದಯ್ಯನದು, ಚೌಡಯ್ಯನ ಹರಿಗೋಲು ಚೌಡಯ್ಯನದು. ಉಪಕರಣ ಒಬ್ಬನದು, ದುಡಿಮೆ ಇನ್ನೊಬ್ಬನದು, ಲಾಭ ಮೊದಲನೆಯವನದು ಎಂಬ ಸಂಬಂಧವೇ ಬಂಡವಾಳಯುಗದ ತಿರುಳು. ಅದನ್ನು ಕುರಿತು ವಚನಗಳಿಂದ ನೇರವಾದ ವಿಧಿಯನ್ನು ಹೊರಡಿಸಲು ಬಾರದು. ಹೊರಡಿಸಿದರೆ ಅದು ನಮ್ಮ ಮಾತಾದೀತೇ ಹೊರತು ಶರಣರದಾಗದು. ವಚನಕಾರರನ್ನು ಸಮಾಜವಾದಿಗಳನ್ನಾಗಿ ಮಾಡುವವರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಪ್ರೊಟೆಸ್ಟೆಂಟರ ಕಡೆಯಲ್ಲಿಯೂ ಎಲ್ಲವೂ ಸುಸೂತ್ರವಾಗಿರಲಿಲ್ಲ. ೧೮ನೆಯ ಶತಮಾನದಲ್ಲಿ ಜಾನ್ ವೆಸ್ಲಿ ಒಂದು ಸಂಕಟವನ್ನು ತೋಡಿಕೊಂಡಿದ್ದಾನೆ: ಧರ್ಮದಿಂದ ದುಡಿಮೆ ಮಿತವ್ಯಯಗಳು ಹುಟ್ಟುತ್ತವೆ, ಅವುಗಳಿಂದ ಸಿರಿ ಹುಟ್ಟುತ್ತದೆ, ಸಿರಿ ಬೆಳೆದಂತೆ ಧರ್ಮ ಸೊರಗುತ್ತದೆ. ಈ ಸುಳಿಗೆ ಅವನು ಸೂಚಿಸಿದ ಪರಿಹಾರ, ಆದಷ್ಟು ಗಳಿಸಿ ಆದಷ್ಟು ಉಳಿಸುವವರು ಆದಷ್ಟು ಕೊಡಬೇಕೆಂಬುದು, ಅಂದರೆ ದಾನವೇ. ಇಂಗ್ಲೆಂಡಿನ ಆರ್. ಎಚ್. ಟಾನಿ ೧೯೨೬ರ ತನ್ನ ಗ್ರಂಥದಲ್ಲಿ ಧರ್ಮವು ಹೇಗೆ ಹಂತಹಂತವಾಗಿ ಅಂಗಡಿಬೀದಿಯನ್ನು ತನ್ನ ಅಧಿಕಾರದಿಂದ ಬಿಟ್ಟುಕೊಟ್ಟಿತೆಂಬುದನ್ನು ವಿವರಿಸಿದ್ದಾನೆ.

ನಮ್ಮಲ್ಲಿಯೂ ದಾಸೋಹ ಕ್ರಮೇಣ ದಾನದ ಕಡೆಗೆ ವಾಲಿತು. ೧೯೧೬ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಗೂ, ೧೯೪೭ರಲ್ಲಿ ಹುಬ್ಬಳ್ಳಿಯಲ್ಲಿ ಭೂಮರಡ್ಡಿಯವರ ಹೆಸರಿನಲ್ಲಿ ನೆಲೆಗೊಂಡ ಎಂಜಿನಿಯರಿಂಗ್ ಕಾಲೇಜಿಗೂ ಉತ್ತರ ಕರ್ನಾಟಕದ ಜನ ಋಣಿಗಳು. ಆ ಉಪಕಾರವನ್ನು ನಾವು ಕಿರಿದುಮಾಡುವುದಿಲ್ಲ. ಅದನ್ನು ಲಕ್ಕಮ್ಮನ ತತ್ತ್ವವೆಂದು ಕರೆಯುವುದು ಮಾತ್ರ ಸರಿಯಲ್ಲ. ೧೯೦೫ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ರೈತರನ್ನು ಕೂಡಿಸಿ ಕಟ್ಟಿದ ಸಹಕಾರಿ ಸಂಘದಲ್ಲಿ, ಅಥವಾ ವಚನಗಳ ಓಲೆಗರಿಗಳನ್ನು ಅರಸುತ್ತಿದ್ದ ಹಳಕಟ್ಟಿಯವರೇ ಬಿಜಾಪುರದಲ್ಲಿ ಸಹಕಾರಿ ಬ್ಯಾಂಕೊಂದಕ್ಕೆ ಮುಂದಾದುದರಲ್ಲಿ, ಆ ತತ್ತ್ವದ ಎಳೆಯೊಂದನ್ನು ಹೆಚ್ಚು ಸಹಜವಾಗಿ ಗುರುತಿಸಬಹುದೇನೋ. ಅಲ್ಲಿಯೂ ಬಡ್ಡಿ ಉಂಟು, ನಾಳೆಯ ಲೆಕ್ಕ ಉಂಟು. ಆದರೆ ಮಿಗುವಾಯಿ ಒಬ್ಬನದಲ್ಲ.

ವಿಷಯ ಪಂಡಿತರ ಚರ್ಚೆಯಲ್ಲಿಯೇ ಉಳಿದಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ವಿಧಾನಸೌಧದ ಮುಖದ ಮೇಲೆ ಸರ್ಕಾರದ ಕೆಲಸ ದೇವರ ಕೆಲಸವೆಂದು ಕೆತ್ತಿದೆ. ಅಲ್ಲಿ ಅದು ಅಧಿಕಾರದಲ್ಲಿರುವವನಿಗೆ ಹೇಳಿದ ಬುದ್ಧಿವಾದ. ಕಾಯಕದ ಹೆಸರಿನಲ್ಲಿ ಬರುವ ಬುದ್ಧಿವಾದವಾದರೋ ಸಾಮಾನ್ಯವಾಗಿ ಮೇಲಿನವನಿಂದ ಕೆಳಗಿನವನಿಗೆ ಇಳಿಯುತ್ತದೆ. ೨೦೨೩ರಲ್ಲಿ ಬೆಂಗಳೂರಿನ ಪ್ರಸಿದ್ಧ ಉದ್ಯಮಿಯೊಬ್ಬರು ದೇಶದ ತರುಣರು ವಾರಕ್ಕೆ ೭೦ ಗಂಟೆ ದುಡಿಯಬೇಕೆಂದಾಗ ಅದರ ಪರವಾಗಿಯೂ ವಿರೋಧವಾಗಿಯೂ ಬಹಳ ವಾದ ನಡೆಯಿತು. ಇಂಥ ವಾದಗಳಲ್ಲಿ ಕಾಯಕವನ್ನು ಸಾಕ್ಷಿಗೆ ಕರೆಯುವವರು ವಚನದ ಅರ್ಧವನ್ನು ಮಾತ್ರ ಓದುತ್ತಾರೆ. ದುಡಿಯಬೇಕೆಂಬುದನ್ನು ಕಾರ್ಮಿಕನಿಗೆ ಓದಿ ಹೇಳುತ್ತಾರೆ. ಬೇಕಾದುದಕ್ಕಿಂತ ಹೆಚ್ಚನ್ನು ಮನೆಗೆ ತರಬಾರದೆಂಬುದನ್ನು ಯಾರಿಗೂ ಓದಿ ಹೇಳುವುದಿಲ್ಲ. ತರಗತಿಯಲ್ಲಿ ಮಾರಯ್ಯನ ವಚನಗಳನ್ನು ಬೋಧಿಸುವ ಅಧ್ಯಾಪಕರು ಅದೇ ಗಂಟೆಯಲ್ಲಿ ಲಕ್ಕಮ್ಮನ ವಚನಗಳನ್ನೂ ಬೋಧಿಸುವುದು ಒಳ್ಳೆಯದು. ಶೂನ್ಯಸಂಪಾದನೆಯ ಸಂಕಲನಕಾರರೂ ಅವರಿಬ್ಬರನ್ನು ಒಂದೇ ಪ್ರಸಂಗದಲ್ಲಿ ಇಟ್ಟಿದ್ದಾರೆ.