‘ಯುಐ’ ಚಿತ್ರಪಟವೂ ಪ್ರೇಕ್ಷಕನ ಅಧಿಕಾರವೂ

ಕಾವ್ಯತತ್ತ್ವಕ್ಕೆ ಕವಿ, ಸಹೃದಯ ಎಂಬ ಎರಡು ಹೆಸರುಗಳನ್ನು ಕೂಡಿಯೇ ಹೇಳಿದವನು ಅಭಿನವಗುಪ್ತನು. ಧ್ವನ್ಯಾಲೋಕದ ಮೇಲಣ ತನ್ನ ‘ಲೋಚನ’ವ್ಯಾಖ್ಯಾನದ ಆರಂಭದಲ್ಲಿಯೇ ಅವನು ಈ ಇಬ್ಬರನ್ನೂ ಒಂದೇ ಪೀಠದ ಮೇಲೆ ಕುಳ್ಳಿರಿಸಿದನು. ರಚಿಸುವವನು ಎಷ್ಟು ದೊಡ್ಡವನಾದರೂ ಅನುಭವಿಸುವವನಿಲ್ಲದೆ ರಸವು ಸಿದ್ಧಿಸದೆಂಬದು ಇದರ ತಾತ್ಪರ್ಯ. ಈ ಮಾತು ಓದುವ ಕಾವ್ಯಕ್ಕಿಂತ ನೋಡುವ ನಾಟಕಕ್ಕೂ ಚಿತ್ರಪಟಕ್ಕೂ ಹೆಚ್ಚಾಗಿ ಸಲ್ಲುವದು. ಅಲ್ಲಿ ಸಹೃದಯನು ಒಬ್ಬನಲ್ಲ, ನೂರಾರು ಜನ. 2024ನೆಯ ಇಸವಿಯ ಡಿಸೆಂಬರ 20ರಂದು ತೆರೆಗೆ ಬಂದ ಉಪೇಂದ್ರರ ‘ಯುಐ’ ಎಂಬ ಬಹುವೆಚ್ಚದ ಭವಿಷ್ಯಕಲ್ಪನೆಯ ಚಿತ್ರವು ಈ ಸಂಬಂಧವನ್ನೇ ತನ್ನ ವಸ್ತುವಾಗಿ ಮಾಡಿಕೊಂಡಿತು. ಆದುದರಿಂದ ಆ ಚಿತ್ರದ ಗುಣದೋಷಗಳ ವಿಚಾರವನ್ನೂ ಅದನ್ನು ನೋಡಿದವರ ಪ್ರತಿಕ್ರಿಯೆಯ ವಿಚಾರವನ್ನೂ ಬೇರೆಬೇರೆಯಾಗಿ ನಡೆಸುವದು ಸಾಧ್ಯವಿಲ್ಲ.

ಉಪೇಂದ್ರರು 1998ರಲ್ಲಿ ‘ಎ’, 1999ರಲ್ಲಿ ‘ಉಪೇಂದ್ರ’ ಎಂಬ ಚಿತ್ರಗಳನ್ನು ನಿರ್ದೇಶಿಸಿ ಕನ್ನಡ ಚಿತ್ರಪಟದ ಕಥನಕ್ರಮವನ್ನು ಅಲುಗಾಡಿಸಿದವರು. 2015ರ ‘ಉಪ್ಪಿ 2’ ಚಿತ್ರದ ತರುವಾಯ ಒಂಬತ್ತು ವರುಷ ನಿರ್ದೇಶನದಿಂದ ದೂರವಿದ್ದು ‘ಯುಐ’ ಚಿತ್ರದೊಡನೆ ಮರಳಿದರು. ಅವರಿಗೆ ಭವಿಷ್ಯತ್ಕಾಲದ ಕಲ್ಪನೆಯು ಹೊಸದಲ್ಲ. 2002ರ ‘ಹಾಲಿವುಡ್’ ಚಿತ್ರದಲ್ಲಿ ಅವರು ಯಂತ್ರಮಾನವನ ಪಾತ್ರವನ್ನು ವಹಿಸಿದ್ದರು. 2010ರ ‘ಸೂಪರ್’ ಚಿತ್ರದಲ್ಲಿ 2030ರ ಸಮೃದ್ಧ ಭಾರತವನ್ನು ತೋರಿಸಿದ್ದರು. ಪರದೇಶದ ಜನರೇ ಕೆಲಸವನ್ನು ಹುಡುಕಿಕೊಂಡು ಇತ್ತ ಬರುವರೆಂಬದು ಅಲ್ಲಿಯ ಕನಸು. ‘ಯುಐ’ ಚಿತ್ರದ ಮುನ್ಸೂಚನೆಯೆಂದು 2024ರ ಡಿಸೆಂಬರದ ಆರಂಭದಲ್ಲಿ ಹೊರಬಿದ್ದ ತುಣುಕಿನಲ್ಲಾದರೋ 2040ರ ಜಗತ್ತು ಕಾಣಿಸಿತು. ಬಿಸಿಯೇರಿದ ಭೂಮಿ, ನಿರುದ್ಯೋಗ, ಯುದ್ಧ, ಹಸಿವು ಇವೇ ಅಲ್ಲಿಯ ನೋಟ. ಹದಿನಾಲ್ಕು ವರುಷಗಳಲ್ಲಿ ಒಬ್ಬನೇ ನಿರ್ದೇಶಕನ ನಾಳೆಯು ಕನಸಿನಿಂದ ದುಃಸ್ವಪ್ನಕ್ಕೆ ತಿರುಗಿದ ಸಂಗತಿಯು ಗಮನಾರ್ಹವಾದದ್ದು. ಈ ನಡುವೆ ದೇಶದ ಜನರ ಮನಸ್ಸಿನಲ್ಲಿಯೂ ಇಂಥದೊಂದು ತಿರುವು ಆಗಿರಬೇಕು.

ಚಿತ್ರದ ಕಟ್ಟು ಹೀಗಿದೆ. ಮೊದಲಲ್ಲಿಯೇ ತೆರೆಯ ಮೇಲೆ ಒಂದು ಒಕ್ಕಣೆ ಮೂಡುವದು: ಬುದ್ಧಿವಂತರಾದವರು ಈಗಲೇ ಎದ್ದು ಹೋಗಬಹುದು, ದಡ್ಡರಾದವರು ಕುಳಿತು ಪೂರ್ತಿ ನೋಡಬಹುದು ಎಂದು ಅದರ ಭಾವ. ಬಳಿಕ ಚಿತ್ರದೊಳಗೊಂದು ಚಿತ್ರವು ತೆರೆದುಕೊಳ್ಳುತ್ತದೆ. ಉಪೇಂದ್ರನೆಂಬ ನಿರ್ದೇಶಕನ ‘ಯುಐ’ ಎಂಬ ಚಿತ್ರವು ಅಲ್ಲಿ ಪ್ರದರ್ಶಿತವಾಗಿದೆ. ಅದನ್ನು ನೋಡಿ ಹೊರಬಂದವರು ಒಬ್ಬೊಬ್ಬರು ಒಂದೊಂದು ಬಗೆಯಾಗಿ ವರ್ತಿಸುತ್ತಾರೆ. ಅದರ ಬಗ್ಗೆ ಏನು ಬರೆಯಬೇಕೆಂದು ತೋಚದ ವಿಮರ್ಶಕನೊಬ್ಬನು ಆ ಕಥೆಯ ಮೂಲವನ್ನು ಅರಸುತ್ತ ಹೊರಡುತ್ತಾನೆ. ಅಲ್ಲಿಂದ ಮುಂದೆ ಸತ್ಯ ಮತ್ತು ಕಲ್ಕಿ ಎಂಬ ಇಬ್ಬರ ಕಥೆ. ಎರಡೂ ಪಾತ್ರಗಳನ್ನು ಉಪೇಂದ್ರರೇ ವಹಿಸಿದ್ದಾರೆ. ಸತ್ಯನು ಜನರನ್ನು ತಿದ್ದಬಯಸುವವನು. ಕಲ್ಕಿಯು ಜನರ ದೌರ್ಬಲ್ಯವನ್ನೇ ಆಳುವ ಉಪಾಯವಾಗಿ ಮಾಡಿಕೊಂಡವನು. ಜಾತಿ, ಮತ, ರಾಜಕಾರಣ, ಕೈಯೊಳಗಿನ ಮೊಬೈಲು ಇವೆಲ್ಲ ರೂಪಕಗಳಾಗಿ ಬಂದು ಹೋಗುವವು.

ಇಂಥ ಚಿತ್ರವನ್ನು ನೋಡಿದ ಕನ್ನಡಿಗರಲ್ಲಿ ಮೂರು ಪಂಗಡಗಳಾದವು. ಮೊದಲನೆಯವರು ಇದನ್ನು ಅಪೂರ್ವ ಕೃತಿಯೆಂದು ಕೊಂಡಾಡಿದರು. ಒಂದೊಂದು ದೃಶ್ಯಕ್ಕೂ ಅರ್ಥ ಹಚ್ಚುತ್ತ, ಎರಡನೆಯ ಸಲ ನೋಡಿದರೆ ಮಾತ್ರ ಪೂರ್ಣವಾಗಿ ತಿಳಿಯುವದೆಂದು ವಾದಿಸಿದರು. ಎರಡನೆಯವರು ತಲೆಬುಡ ತಿಳಿಯದ ಗದ್ದಲವೆಂದು ಬೇಸತ್ತರು. ಮೂರನೆಯವರ ಸ್ಥಿತಿಯು ವಿಚಿತ್ರವಾದದ್ದು. ಅವರಿಗೆ ಚಿತ್ರವು ಹಿಡಿಸಲಿಲ್ಲ. ಹಿಡಿಸಲಿಲ್ಲವೆಂದು ಹೇಳಿದರೆ ತಮ್ಮ ತಿಳಿವಳಿಕೆಗೇ ಊನ ಬಂದೀತೆಂಬ ಸಂಕೋಚದಿಂದ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಈ ಮೂರನೆಯ ಪಂಗಡವನ್ನು ಹುಟ್ಟಿಸಿದ್ದು ಆ ಮೊದಲಿನ ಒಕ್ಕಣೆಯೇ.

ಮೊದಲು ಗುಣವನ್ನು ಹೇಳುವದು ನ್ಯಾಯ. ತಾರಾಪುರುಷನ ಪ್ರವೇಶಕ್ಕೆ ಸಿಳ್ಳು ಹೊಡೆದು ಮನೆಗೆ ಹೋಗುವ ರೂಢಿಯಿದ್ದ ಪ್ರೇಕ್ಷಕವರ್ಗವು ಒಂದು ಚಿತ್ರದ ಅರ್ಥವೇನೆಂದು ದಿನಗಟ್ಟಲೆ ಜಗಳಾಡಿದ್ದು ಸಣ್ಣ ಲಾಭವಲ್ಲ. ಹಾಡು-ಹೊಡೆದಾಟಗಳ ಸಿದ್ಧ ಎರಕದಲ್ಲಿ ಇಷ್ಟು ದ್ರವ್ಯವನ್ನು ಹೊಯ್ಯುವದು ಸುಲಭವಿತ್ತು. ಅದನ್ನು ಬಿಟ್ಟು ಸಮಾಜವಿಚಾರಕ್ಕೆ ಇಷ್ಟೊಂದು ವೆಚ್ಚ ಮಾಡಿದ ಧೈರ್ಯವನ್ನು ಒಪ್ಪಲೇಬೇಕು. ವಿಶಾಲವಾದ ಚಿತ್ರಶಾಲೆಯ ರಚನೆಗಳಲ್ಲಿಯೂ ಅಜನೀಶ್ ಲೋಕನಾಥರ ಸಂಗೀತದಲ್ಲಿಯೂ ಆ ಶ್ರಮವು ಕಾಣುವದು.

ಇನ್ನು ದೋಷದ ಮಾತು. ಪ್ರೇಕ್ಷಕನನ್ನು ಕೆಣಕುವದು ತಪ್ಪಲ್ಲ. ಅವನ ತೀರ್ಪನ್ನು ಮೊದಲೇ ಕಸಿದುಕೊಳ್ಳುವದು ತಪ್ಪು. ಎದ್ದು ಹೋದವನು ಬುದ್ಧಿವಂತನೆಂದರೆ ಕುಳಿತವನು ದಡ್ಡನಾದನು. ಕುಳಿತು ಮೆಚ್ಚದವನಂತೂ ಎರಡಕ್ಕೂ ಸಲ್ಲದವನಾದನು. ಚಿತ್ರದೊಳಗಿನ ವಿಮರ್ಶಕನಿಗೇ ಬರೆಯಲು ಬಾರದಿರುವಾಗ ಹೊರಗಿನ ವಿಮರ್ಶಕನ ಆಕ್ಷೇಪಣೆಯೂ ಆ ಆಟದ ಒಂದು ಅಂಗವೆಂದೇ ಎಣಿಕೆಯಾಗುವದು. ಹೀಗೆ ಹೊಗಳಿಕೆ, ತೆಗಳಿಕೆ, ಮೌನ ಮೂರನ್ನೂ ಕೃತಿಯು ತನ್ನ ಹೊಟ್ಟೆಯೊಳಗೆ ಹಾಕಿಕೊಂಡ ಮೇಲೆ ಸಹೃದಯನಿಗೆ ಉಳಿಯುವ ಪೀಠವೆಲ್ಲಿ? ಚಮತ್ಕಾರವಾಗಿ ಇದು ರಂಜಿಸಬಹುದು. ಆದರೆ ಟೀಕೆಗೆ ಬಾಗಿಲು ಹಾಕಿಕೊಂಡ ಕೃತಿಯು ಟೀಕೆಯಿಂದ ಬರತಕ್ಕ ಹಿತವನ್ನೂ ಹೊರಗೇ ನಿಲ್ಲಿಸಿದಂತಾಗುವದು.

ಬಾದಾಮಿಯ ಬನಶಂಕರಿಯ ಜಾತ್ರೆಯನ್ನು ಕಂಡವರಿಗೆ ಈ ಮಾತು ಬೇಗನೆ ತಿಳಿಯುವದು. ಬನದ ಹುಣ್ಣಿಮೆಯಿಂದ ಸುಮಾರು ಒಂದು ತಿಂಗಳವರೆಗೆ ಅಲ್ಲಿ ನಾಟಕ ಕಂಪನಿಗಳು ಬಿಡಾರ ಹೂಡುವವು. ರಾತ್ರಿಯೆಲ್ಲ ಆಟ ನಡೆಯುವದು. ಮೆಚ್ಚಿದ ಹಾಡಿಗೆ ‘ಒನ್ಸ್ ಮೋರ್’ ಎಂದು ಕೂಗುವ ಅಧಿಕಾರ ಅಲ್ಲಿಯ ಪ್ರೇಕ್ಷಕನದು. ಸಪ್ಪೆಯಾದ ಪ್ರವೇಶಕ್ಕೆ ಗದ್ದಲವೆಬ್ಬಿಸುವ ಅಧಿಕಾರವೂ ಅವನದೇ. ನಟನು ಆ ಕೂಗಿಗೆ ಕಿವಿಗೊಟ್ಟು ಮರುರಾತ್ರಿ ತನ್ನ ಮಾತನ್ನು ತಿದ್ದಿಕೊಳ್ಳುವನು. ಈ ರೂಢಿಯಿಂದ ಅಗ್ಗದ ವಿನೋದಕ್ಕೂ ಇಂಬು ಸಿಕ್ಕಿದ್ದುಂಟು. ಆದರೂ ಅಲ್ಲಿ ಇಬ್ಬರು ಒಡೆಯರಿರುವರು. ಬಾಗಲಕೋಟೆ, ಹುನಗುಂದ, ಇಳಕಲ್ಲುಗಳ ಕಡೆಯ ಪ್ರೇಕ್ಷಕನು ಈ ಶಾಲೆಯಲ್ಲಿ ಪಳಗಿದವನು. ಅವನು ಚಿತ್ರಮಂದಿರದಲ್ಲಿ ಬೇಸರದಿಂದ ಕೂಗಿದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕಲಾಗದು.

ಅದೇ ವರುಷದ ಜೂನ 27ರಂದು ಬಂದ ನಾಗ್ ಅಶ್ವಿನರ ತೆಲುಗು ಚಿತ್ರ ‘ಕಲ್ಕಿ 2898 ಎ.ಡಿ.’ಯನ್ನು ಇದರ ಸಂಗಡ ಇಟ್ಟು ನೋಡಬಹುದು. ಅದು ಕನ್ನಡದ ಮಾತುಗಳೊಡನೆಯೂ ತೆರೆಗೆ ಬಂದಿತ್ತು. ಅಲ್ಲಿಯೂ ಕೆಟ್ಟುಹೋದ ಭವಿಷ್ಯ, ಅಲ್ಲಿಯೂ ಕಲ್ಕಿಯ ಹೆಸರು. ಆದರೆ ಆ ಚಿತ್ರವು ಚಿರಂಜೀವಿಯಾದ ಅಶ್ವತ್ಥಾಮನನ್ನು ಕೈಹಿಡಿದು ತಂದಿತು. ಅಶ್ವತ್ಥಾಮನನ್ನು ಈ ಭಾಗದವರಿಗೆ ಪರಿಚಯಿಸಬೇಕಾದದ್ದಿಲ್ಲ. ಕುರುಕ್ಷೇತ್ರದ ಕೊನೆಯ ದಿನವನ್ನು ಕನ್ನಡಕ್ಕೆ ಕೊಟ್ಟ ರನ್ನನು ಮುಧೋಳದ ನೆಲದವನೇ. ಪುರಾಣದ ಪರಿಚಯವು ಅಪರಿಚಿತ ಕಾಲಕ್ಕೆ ಸೇತುವಾದದ್ದರಿಂದ ಪ್ರೇಕ್ಷಕನು ಯಂತ್ರವೈಭವವನ್ನು ಅದ್ಭುತರಸವಾಗಿ ಸವಿದನು. ‘ಯುಐ’ಯ ಸತ್ಯ-ಕಲ್ಕಿಯರು ಹೆಸರಿನಿಂದ ಪೌರಾಣಿಕರು, ಮಾತಿನಿಂದ ಉಪದೇಶಕರು, ಅವರಿಗೆ ಬೆನ್ನ ಹಿಂದೆ ಕಥೆಯ ಬಲವಿಲ್ಲ. ಬಾದಾಮಿಯಲ್ಲಿ ಸುಮಾರು ಏಳನೆಯ ಶತಮಾನದ ಅಂತ್ಯದ ಕಪ್ಪೆ ಅರಭಟ್ಟನ ಶಾಸನವುಂಟು. ಆ ವೀರನನ್ನು ಕಲಿಯುಗಕ್ಕೆ ವಿರುದ್ಧವಾಗಿ ನಿಂತವನೆಂದು ಅದು ಹೊಗಳುವದು. ಒಳ್ಳೆಯವರಿಗೆ ಅವನು ಹೇಗೆ, ಕೆಟ್ಟವರಿಗೆ ಹೇಗೆ ಎಂಬದನ್ನು ಕೆಲವೇ ತ್ರಿಪದಿಗಳಲ್ಲಿ ಮುಗಿಸುವದು. ಯುಗವನ್ನು ಎದುರಿಸಿ ನಿಂತ ಒಬ್ಬ ಮನುಷ್ಯನನ್ನು ಕಣ್ಣೆದುರಿಗೆ ನಿಲ್ಲಿಸಲು ಬಂಡೆಯ ಮೇಲಿನ ಅಷ್ಟು ಅಕ್ಷರಗಳೇ ಸಾಕಾದವು.

ವಿಜ್ಞಾನಕಲ್ಪನೆಯ ಕಥೆಗೆ ಇನ್ನೊಂದು ನಿಯಮವುಂಟು. ಕಲ್ಪನೆಯು ಎಷ್ಟು ದೂರವಾದರೂ ಹೋಗಲಿ, ಕಾರಣದಿಂದ ಕಾರ್ಯಕ್ಕೆ ಹೋಗುವ ದಾರಿ ಮಾತ್ರ ಕಾಣಬೇಕು. 2024ರಲ್ಲಿಯೇ ಬಂದ ಶ್ರೀನಿಧಿ ಬೆಂಗಳೂರು ಅವರ ‘ಬ್ಲಿಂಕ್’ ಅಲ್ಪವೆಚ್ಚದ ಚಿತ್ರ. ಕಣ್ಣೆವೆಯಿಕ್ಕದಿರುವಷ್ಟು ಹೊತ್ತು ಮಾತ್ರ ನಾಯಕನಿಗೆ ಕಾಲಸಂಚಾರ ಸಾಧ್ಯವೆಂಬ ಒಂದು ಕಟ್ಟಳೆಯನ್ನು ಅದು ತನಗೆ ತಾನೇ ಹಾಕಿಕೊಂಡಿತು. ಕಥೆಯು ಜಟಿಲವಾದರೂ ಆ ಕಟ್ಟಳೆಯನ್ನು ಹಿಡಿದು ಪ್ರೇಕ್ಷಕನು ದಾರಿ ಕಂಡುಕೊಂಡನು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ರೇಶಿಮೆಯ ಸೆರಗಿನ ಹಾಸು ಬೇರೆ. ನೇಕಾರನು ಎಳೆಗೆ ಎಳೆಯನ್ನು ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಅದು ಒಂದು ಸೀರೆಯಾಗುವದು. ‘ಯುಐ’ ಚಿತ್ರದಲ್ಲಿ ಇಂದಿನ ಒಡಲೂ ಇದೆ, ನಾಳಿನ ಸೆರಗೂ ಇದೆ, ಕೊಂಡಿಯೇ ಇಲ್ಲ. ಇಂದಿನ ಯಾವ ತಪ್ಪಿನಿಂದ ನಾಳೆಯ ಯಾವ ಕೇಡು ಹುಟ್ಟಿತೆಂಬದು ಕಾಣದಿದ್ದಾಗ ಪ್ರೇಕ್ಷಕನಿಗೆ ಭಯವೂ ಹುಟ್ಟದು, ಎಚ್ಚರವೂ ಹುಟ್ಟದು.

ಈ ಕೊರತೆಯು ಬಾಗಲಕೋಟೆಯವರಿಗೆ ವಿಶೇಷವಾಗಿ ತಟ್ಟತಕ್ಕದ್ದು. ಏಕೆಂದರೆ ಭವಿಷ್ಯತ್ಕಾಲದ ಪ್ರಳಯವು ಅವರಿಗೆ ಕಲ್ಪನೆಯಲ್ಲ. 1964ರಲ್ಲಿ ಆಲಮಟ್ಟಿಯ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿತು. ಆ ಒಂದು ಕಾರಣದಿಂದ ಘಟಪ್ರಭೆಯ ದಂಡೆಯ ಊರಿನ ಬಹುಭಾಗವು ಹಿನ್ನೀರಿಗೆ ಬಿಟ್ಟುಹೋಯಿತು. ಸೆಕ್ಟರುಗಳ ಅಂಕೆ ಹಾಕಿದ ನವನಗರವು ಎತ್ತರದಲ್ಲಿ ಎದ್ದಿತು. ಓಣಿಯ ಹೆಸರಿನಿಂದ ತನ್ನ ಮನೆಯನ್ನು ಹೇಳುತ್ತಿದ್ದವನು ಸೆಕ್ಟರಿನ ಅಂಕೆಯಿಂದ ಹೇಳುವವನಾದನು. ನೀರಿನ ಮಟ್ಟವು 519.60 ಮೀಟರು; ಅದನ್ನು 524.256 ಮೀಟರಿಗೆ ಏರಿಸಬಹುದೆಂದು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು 2010ರಲ್ಲಿ ತೀರ್ಪಿತ್ತಿತು. ಏರಿದರೆ ಸುಮಾರು 75,000 ಎಕರೆ ಭೂಮಿಯೂ ಇನ್ನಷ್ಟು ಹಳ್ಳಿಗಳೂ ಮುಳುಗುವವು. ವಿಜಯಪುರದತ್ತಣ ಒಣಭೂಮಿಗೆ ನೀರೂ ಹರಿಯುವದು. ಹುನಗುಂದದ ಸೀಮೆಯ ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ನೀರು ನಿಂತಾಗ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆಯನ್ನು ಕಟ್ಟಿದರು. ಭಕ್ತರು ನೀರಿನ ಮಟ್ಟಕ್ಕಿಂತ ಕೆಳಗೆ ಮೆಟ್ಟಿಲಿಳಿದು ದರ್ಶನ ಮಾಡುತ್ತಾರೆ. ಇಂಥದೊಂದು ದೃಶ್ಯವನ್ನು ಕೋಟಿಗಟ್ಟಲೆ ವೆಚ್ಚದ ಯಾವ ಚಿತ್ರಶಾಲೆಯು ಕಟ್ಟಿಕೊಟ್ಟಿದೆ?

ಇಲ್ಲಿ ಕಾರಣವು ಮೀಟರಿನಲ್ಲಿ ಅಳೆಯುವಷ್ಟು ಸ್ಪಷ್ಟ. ಕಾರ್ಯವು ಮನೆಮನೆಯ ಅನುಭವ. ಒಬ್ಬರ ಮುಳುಗಡೆಯು ಇನ್ನೊಬ್ಬರ ಬೆಳೆಯಾಗುವ ಧರ್ಮಸಂಕಟವೂ ಇದೆ. ಅಲ್ಲಿ ಸತ್ಯನೊಬ್ಬ, ಕಲ್ಕಿಯೊಬ್ಬ ಎಂದು ಎರಡು ಪಾತ್ರಗಳನ್ನು ಬೇರ್ಪಡಿಸುವದು ಸಾಧ್ಯವಾಗದು. ವಿಜ್ಞಾನವು ಮನುಷ್ಯನಿಗೆ ಏನು ಕೊಟ್ಟಿತು, ಅವನಿಂದ ಏನು ಕೊಂಡಿತು ಎಂಬ ಪ್ರಶ್ನೆಗೆ ಇದಕ್ಕಿಂತ ಘನವಾದ ವಸ್ತು ದೊರೆಯುವದು ವಿರಳ. ಮುಳುಗಡೆಯ ನಾಡಿನಿಂದ ಬಂದ ಪ್ರೇಕ್ಷಕನು ಊರಿಲ್ಲದ, ನೆಲವಿಲ್ಲದ 2040ರ ಜಗತ್ತನ್ನು ಕಂಡು ಕದಲದೆ ಕುಳಿತರೆ ಅವನ ಹೃದಯವು ಕಲ್ಲೆಂದು ಭಾವಿಸತಕ್ಕದ್ದಲ್ಲ. ಅವನು ಇದಕ್ಕಿಂತ ನಿಜವಾದದ್ದನ್ನು ಕಂಡಿದ್ದಾನೆ.

ಒಟ್ಟಿನ ಮೇಲೆ ‘ಯುಐ’ಯು ವಿಚಾರದಲ್ಲಿ ಸಾಹಸಿ, ರಚನೆಯಲ್ಲಿ ಅಸಡ್ಡೆ, ಪ್ರೇಕ್ಷಕನ ವಿಷಯದಲ್ಲಿ ಅವಿಶ್ವಾಸಿಯಾದ ಕೃತಿ. ಅದರ ಹೆಸರನ್ನು ‘ನೀನು, ನಾನು’ ಎಂದು ಓದಲು ಆಸ್ಪದವಿರುವದು. ಆದರೆ ಚಿತ್ರದಲ್ಲಿ ‘ನಾನು’ ಮಾತಾಡಿದಷ್ಟು ‘ನೀನು’ವಿಗೆ ಅವಕಾಶವಾಗಲಿಲ್ಲ. ಅದನ್ನು ಮೆಚ್ಚಿ ಅರ್ಥ ಹಚ್ಚಿದವರೂ ಬೇಸತ್ತು ದೂರಿದವರೂ ತಂತಮ್ಮ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡಿದರು. ಸಂಕೋಚದಿಂದ ಸುಮ್ಮನಾದವರು ಮಾತ್ರ ತಮ್ಮ ಅಧಿಕಾರವನ್ನು ಬಿಟ್ಟುಕೊಟ್ಟರು. ಕಾಸು ಕೊಟ್ಟು ಎರಡು ತಾಸು ಕತ್ತಲೆಯಲ್ಲಿ ಕುಳಿತವನಿಗೆ ತಿಳಿಯಲಿಲ್ಲವೆಂದು ಹೇಳುವ ಹಕ್ಕುಂಟು. ತಿಳಿಯುವಂತೆ ಹೇಳೆಂದು ಕೇಳುವ ಹಕ್ಕೂ ಉಂಟು. ಕನ್ನಡದ ಭವಿಷ್ಯಚಿತ್ರಗಳನ್ನು ಮುಂದೆ ನಿರ್ಮಿಸುವವರು ಆ ಕೇಳಿಕೆಯನ್ನು ಬನಶಂಕರಿಯ ನಟನಂತೆ ಕಿವಿಗೊಟ್ಟು ಕೇಳಬೇಕು; ಒಂದು ದಿನವಾದರೂ ಆಲಮಟ್ಟಿಯ ಹಿನ್ನೀರಿನ ದಂಡೆಗೆ ಬಂದು ನಿಂತು, ತಮ್ಮ ಕಥೆಯನ್ನು ಎಲ್ಲಿಂದ ಆರಂಭಿಸಬಹುದೆಂಬದನ್ನು ನೋಡಬೇಕು.