ತೋರಿಸಿದವರಿದ್ದರು, ಕಾಪಿಟ್ಟವರು?

ಹುಳಿಮಾವಿನ ಮಾಲ್‌ಗೆ ಶುಕ್ರವಾರಕ್ಕೊಂದು ಹೊಸ ಸಿನಿಮಾ ಬರುತ್ತದೆ. ಹಳೆಯ ಕಪ್ಪುಬಿಳುಪು ಚಿತ್ರವನ್ನು ಜೊತೆಗೆ ಕೂತು ನೋಡಬೇಕೆಂದರೆ ದಕ್ಷಿಣ ಬೆಂಗಳೂರಿನವರಿಗೆ ಮೊದಲು ನೆನಪಾಗುವುದು ಬನಶಂಕರಿ ಎರಡನೇ ಹಂತದ ಸುಚಿತ್ರಾ. 1971ರಲ್ಲಿ ಶುರುವಾದ ಈ ಫಿಲ್ಮ್ ಸೊಸೈಟಿ ಲೋಕದ ಸಿನಿಮಾವನ್ನು ನಮ್ಮ ಬಡಾವಣೆಗೆ ತಂದಿತು, ಕನ್ನಡದ ಹೊಸ ಅಲೆಗೆ ನೋಡುಗರನ್ನು ಸಿದ್ಧಮಾಡಿತು. ಆ ಋಣ ತೀರುವಂಥದ್ದಲ್ಲ. ಆದರೂ ಹೇಳಲೇಬೇಕು: ನಮ್ಮ ಫಿಲ್ಮ್ ಸೊಸೈಟಿಗಳ ಪರಂಪರೆ ಸಿನಿಮಾ ನೋಡುವುದನ್ನು ಕಲಿಸಿದಷ್ಟು ಅಕ್ಕರೆಯಿಂದ ಕಾಪಿಡುವುದನ್ನು ಕಲಿಸಲಿಲ್ಲ. ಫಿಲ್ಮ್ ಡಬ್ಬಿಗಳು ರಾಯಭಾರ ಕಚೇರಿಗಳಿಂದಲೋ ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ನಿಂದಲೋ ಬರುತ್ತಿದ್ದವು. ಆಟ ಮುಗಿದರೆ ವಾಪಸು. ಉಳಿಸುವ ಹೊಣೆ 1964ರಲ್ಲಿ ಸ್ಥಾಪನೆಯಾದ ಪುಣೆಯ ಆ ಒಂದು ಸಂಸ್ಥೆಯ ತಲೆಗೇ ಬಿತ್ತು.

ಆ ಹೊಣೆಯ ಬೆಲೆ ಏನೆಂಬುದು ‘ಘಟಶ್ರಾದ್ಧ’ದಿಂದ ತಿಳಿಯುತ್ತದೆ. ಗಿರೀಶ ಕಾಸರವಳ್ಳಿಯವರ ಈ 1977ರ ಚಿತ್ರಕ್ಕೆ ಸ್ವರ್ಣಕಮಲ ಬಂದಿತ್ತು. ಆಮೇಲೆ ಎಷ್ಟೋ ವರ್ಷ ನಾವು ನೋಡಿದ್ದು ಅದರ ಮಸುಕು ನಕಲುಗಳನ್ನು. ಕಥೆಯ ವಿಧವೆ ಯಮುನಕ್ಕ ರಾತ್ರಿ ಕಾಡಿಗೆ ಹೋಗಿ ಹುತ್ತದೊಳಗೆ ಕೈಯಿಡುವ ದೃಶ್ಯವಿದೆಯಲ್ಲ, ಎಸ್. ರಾಮಚಂದ್ರ ಅವರ ಕ್ಯಾಮೆರಾ ಅಲ್ಲಿ ಕತ್ತಲೆಯಲ್ಲೇ ಹತ್ತಾರು ಛಾಯೆ ಹುಡುಕುತ್ತದೆ. ಕೆಟ್ಟ ಪ್ರತಿಯಲ್ಲಿ ಹುತ್ತ, ಮರ, ಅವಳನ್ನು ಹಚ್ಚಿಕೊಂಡ ಹುಡುಗನ ಭಯ ಎಲ್ಲವೂ ಒಂದೇ ಮಸಿ. ನೆಗೆಟಿವ್ ಪುಣೆಯಲ್ಲಿ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದರಿಂದಲೇ ಚಿತ್ರವನ್ನು ಪುನರುಜ್ಜೀವಿಸಿದವು; 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶನವಾಯಿತು. ನೆಗೆಟಿವ್ ಇಲ್ಲದಿದ್ದರೆ ಎಷ್ಟೇ ಹಣ ಸುರಿದರೂ ಆ ಕತ್ತಲೆ ಮರಳುತ್ತಿರಲಿಲ್ಲ.

ಆದರೆ ‘ಘಟಶ್ರಾದ್ಧ’ವನ್ನು ನಾವು ಮರೆತಿರಲಿಲ್ಲ. ನಿಜವಾಗಿ ಕಳೆದುಹೋದದ್ದು ಬೇರೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆಕಂಡಿತು. ಇವತ್ತು ಅದರ ಪ್ರತಿ ಉಳಿದಿಲ್ಲ. ಆರ್. ನಾಗೇಂದ್ರರಾಯರ ರಾವಣನನ್ನು ಬರೀ ಓದಿ ಊಹಿಸಿಕೊಳ್ಳಬೇಕು. ಕಂಪನಿ ನಾಟಕದ ಸಂಗತಿ, ಮಾತಿನ ಪಲುಕು ಕ್ಯಾಮೆರಾದ ಮುಂದೆ ಹೇಗೆ ಬದಲಾಯಿತೆಂಬ ಚರಿತ್ರೆಯ ಮೊದಲ ಪುಟವೇ ಹರಿದಿದೆ. ಪೌರಾಣಿಕ, ಜನಪ್ರಿಯ ಚಿತ್ರಗಳನ್ನು ಕೀಳಾಗಿ ಕಂಡ ಹೊಸ ಅಲೆಯ ಅಭಿರುಚಿಗೂ, ಅಂಥವುಗಳಲ್ಲಿ ಉಳಿದವನ್ನು ಯಾರೂ ಹುಡುಕದೇ ಹೋದದ್ದಕ್ಕೂ ಸಂಬಂಧವಿದೆ ಎಂದೇ ನಾನು ನಂಬುತ್ತೇನೆ.

ಅಂಥ ಜನಪ್ರಿಯ ಚಿತ್ರಗಳನ್ನು ಮತ್ತೆ ತೆರೆಗೆ ತರುವ ಕೆಲಸವನ್ನು ಮಾರುಕಟ್ಟೆ ತನ್ನ ರೀತಿಯಲ್ಲಿ ಮಾಡಿತು. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ಬಳಿದುಕೊಂಡು ಬಂದವು. ಜನ ಥಿಯೇಟರಿಗೆ ಬಂದು ರಾಜಕುಮಾರ್ ಅವರನ್ನು ಮತ್ತೆ ಕಣ್ತುಂಬಿಕೊಂಡರು, ಆ ಪ್ರೀತಿ ಸಣ್ಣದಲ್ಲ. ಆದರೆ ಕಪ್ಪುಬಿಳುಪಿಗೆಂದೇ ಬೆಳಕು ಹಾಕಿದ ಚಿತ್ರಕ್ಕೆ ಬಣ್ಣ ಹಚ್ಚುವುದು ಛಾಯಾಗ್ರಾಹಕನ ಕೆಲಸವನ್ನು ಅಳಿಸಿದಂತೆ.

ಬಣ್ಣದ ಮಾತಿಗಿಂತ ತುರ್ತಾದದ್ದು ಡಬ್ಬಿಯೊಳಗಿನ ಫಿಲ್ಮಿನ ಆಯಸ್ಸು. ಅಸಿಟೇಟ್ ಫಿಲ್ಮು ಹಳಸಿದರೆ ವಿನೆಗರಿನ ವಾಸನೆ ಬರುತ್ತದೆ. ಒಮ್ಮೆ ಶುರುವಾದ ಆ ಕೊಳೆಯುವಿಕೆಯನ್ನು ಶೈತ್ಯದಲ್ಲಿಟ್ಟು ನಿಧಾನಗೊಳಿಸಬಹುದು, ಹಿಂದಕ್ಕೆ ತಿರುಗಿಸಲಾಗದು. ಮದರಾಸಿನಲ್ಲಿ ಸಂಸ್ಕರಣೆಯಾದ ಎಷ್ಟೋ ಕನ್ನಡ ಚಿತ್ರಗಳ ಡಬ್ಬಿಗಳನ್ನು ಈಗಲೇ ತೆರೆದು ನೋಡಬೇಕಾಗಿದೆ. ನಿರ್ಮಾಪಕರ ಮನೆಮಕ್ಕಳನ್ನು ಕಂಡು ಕೇಳುವ, ಸಿಕ್ಕಿದ್ದನ್ನು ಪಟ್ಟಿಮಾಡಿ ಪುಣೆಗೆ ತಲುಪಿಸುವ ಕೆಲಸಕ್ಕೆ ಫಿಲ್ಮ್ ಸೊಸೈಟಿಗಳ ಸದಸ್ಯರಿಗಿಂತ ತಕ್ಕವರು ಯಾರಿದ್ದಾರೆ? ಅವರು ಮೊದಲು ಹುಡುಕಬೇಕಾದದ್ದು 1950ರ ದಶಕದ, ಪ್ರಶಸ್ತಿಯ ಗೋಜಿಗೇ ಹೋಗದ ಚಿತ್ರಗಳನ್ನು.